ಎತ್ತಿಟ್ಟ ಮೆಣಸಿನಕಾಯಿ ಬೀಜ, ಮಗಳ ಹನ್ನೊಂದೂವರೆ ಕ್ರೋಮೋಸೋಮ್

ಕುಷ್ಟಗಿ ಸೀಮೆ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ ಇದೆ. ಒಂದು ನನ್ನದು, ಒಂದು ಮಗಳದ್ದು.

ಹೋದ ವರ್ಷ ಹೈಬ್ರಿಡ್ ಮೆಣಸಿನಕಾಯಿ ಹಾಕಿದ್ದೆ. ಬೀಜಕ್ಕೆ ದುಡ್ಡು ಜಾಸ್ತಿ ಹೋಯಿತು, ಆದರೆ ಬೆಳೆ ಕಣ್ಣು ತುಂಬುವ ಹಾಗೆ ಬಂತು. ಎಲ್ಲ ಗಿಡ ಒಂದೇ ಎತ್ತರ, ಎಲ್ಲ ಕಾಯಿ ಒಂದೇ ಉದ್ದ. ಅದರಲ್ಲೇ ಚಲೋ ಗಿಡ ನೋಡಿ, ಚಲೋ ಹಣ್ಣು ಆರಿಸಿ ಒಣಗಿಸಿ ಬೀಜ ಎತ್ತಿಟ್ಟೆ. ಈ ವರ್ಷ ಅದರದ್ದೇ ಅಗಿ ಮಾಡಿ ಅರ್ಧ ಎಕರೆಗೆ ಹಚ್ಚಿದೆ. ನಾಲ್ಕು ಸಾವಿರದ ಆಸುಪಾಸು ಗಿಡ. ಏನು ಹೇಳಲಿ, ಒಂದು ಗಿಡ ಮೊಣಕಾಲಿಗೆ, ಪಕ್ಕದ್ದು ಸೊಂಟಕ್ಕೆ. ಒಂದರ ಕಾಯಿ ಮೋಟು, ಒಂದರದ್ದು ಉದ್ದ, ಇನ್ನೊಂದರದ್ದು ಸೊಟ್ಟ. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ನೋಡಿ, ನಾಲ್ಕು ಹೊಲದ ಕಾಯಿ ಕೂಡಿಸಿ ತಂದಿದ್ದೀರಾ ಅಂತ ಕೇಳಿದ. ಅಷ್ಟು ಚಲೋ ಗಿಡದ ಬೀಜ ಹೀಗ್ಯಾಕೆ ಆಯಿತು?

ಮಗಳು ಫಸ್ಟ್ ಪಿಯುಸಿ ಸೈನ್ಸ್. ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ, ಈಗ ಎಲ್ಲ ಇಂಗ್ಲಿಷ್. ಕೋಶ ಒಡೆಯುವ ಎರಡು ಬಗೆ, ಮೈಟೋಸಿಸ್ ಮತ್ತು ಮಿಯೋಸಿಸ್, ಎರಡೂ ಬಾಯಿಪಾಠ ಮಾಡಿದ್ದಾಳೆ. ಆದರೆ ಮೊನ್ನೆ ಊಟದ ಹೊತ್ತಿಗೆ ಕೇಳಿದಳು: "ಅಪ್ಪಾ, ಮಿಯೋಸಿಸ್‌ನಲ್ಲಿ ಕೋಶ ಎರಡು ಸಲ ಒಡೆಯುತ್ತದೆ. 46 ಕ್ರೋಮೋಸೋಮ್ ಒಂದು ಸಲ ಒಡೆದರೆ 23. ಇನ್ನೊಂದು ಸಲ ಒಡೆದರೆ ಹನ್ನೊಂದೂವರೆ ಆಗಬೇಕಲ್ಲ?" ಕ್ಲಾಸಿನಲ್ಲಿ ಕೇಳಿದ್ದಕ್ಕೆ, ಸುಮ್ನೆ ಚಿತ್ರ ಬರೆದು ಕಲಿ, ಮಾರ್ಕ್ಸ್ ಬರುತ್ತೆ ಅಂದರಂತೆ.

ಎರಡೂ ಒಂದೇ ಕಡೆ ಹಾಕಿದ್ದಕ್ಕೆ ಕಾರಣ ಅವಳೇ. ನಿನ್ನ ಮೆಣಸಿನಕಾಯಿಗೂ ಇದೇ ಪಾಠದಲ್ಲಿ ಉತ್ತರ ಇರಬೇಕು ಅಂತಾಳೆ. ಹೌದಾ?

ಎರೆಹೊಲ

ಪಾಠ ಗೀಠ ಏನೂ ಇಲ್ಲ ಅಣ್ಣ. ಬೀಜದವರು ಬೀಜದೊಳಗೇ ಕೀಲಿ ಹಾಕಿರುತ್ತಾರೆ, ರೈತ ಎತ್ತಿಟ್ಟರೆ ಕೆಡಲಿ ಅಂತ. ಟರ್ಮಿನೇಟರ್ ಅಂತಾರೆ ಅದಕ್ಕೆ. ವರ್ಷಾ ವರ್ಷಾ ಅವರ ಅಂಗಡಿಗೇ ಹೋಗಬೇಕಲ್ಲ ನಾವು.

ನಿವೃತ್ತ ಮಾಸ್ತರ, ರಾಯಚೂರು

ಎರೆಹೊಲದವರ ಸಿಟ್ಟು ಅರ್ಥವಾಗುತ್ತದೆ. 1998ರಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲೇ ಬಿಟಿ ಹತ್ತಿಯ ಪ್ರಯೋಗದ ಹೊಲಕ್ಕೆ ರೈತ ಸಂಘದವರು ಬೆಂಕಿ ಹಚ್ಚಿದ್ದರು. ಆಗ ಟರ್ಮಿನೇಟರ್ ಅನ್ನುವ ಮಾತು ಚಹಾದಂಗಡಿಯಲ್ಲೂ ಕೇಳುತ್ತಿತ್ತು. ಅಂಥ ಒಂದು ತಂತ್ರಕ್ಕೆ ಅದೇ ವರ್ಷ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ಆದರೆ ಅದು ಮಾರುಕಟ್ಟೆಗೆ ಬರಲೇ ಇಲ್ಲ. ಟರ್ಮಿನೇಟರ್ ಬೀಜ ಅಂದರೆ ಮೊಳಕೆಯೇ ಬರಬಾರದು. ಕುಷ್ಟಗಿಯವರ ಬೀಜ ಮೊಳೆತಿದೆ, ಗಿಡ ಆಗಿದೆ, ಕಾಯಿ ಬಿಟ್ಟಿದೆ. ಒಂದೊಂದು ಒಂದೊಂದು ಥರ ಆಗಿದೆ, ಅಷ್ಟೇ. ಅಂದರೆ ಕೀಲಿ ಯಾರೂ ಹಾಕಿಲ್ಲ. ಇದು ಗಿಡದ ಸ್ವಂತ ಕೆಲಸ, ಹೂವಿನೊಳಗೆ ನಡೆದದ್ದು. ಅದರ ಹೆಸರೇ ಮಿಯೋಸಿಸ್. ಮಗಳು ಸರಿಯಾಗಿಯೇ ಹೇಳಿದ್ದಾಳೆ.

ಮೊದಲು ಹನ್ನೊಂದೂವರೆ ಮುಗಿಸೋಣ. ಪ್ರಶ್ನೆ ಬಹಳ ಚಲೋ ಇದೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇದನ್ನು ಬಾಯಿಬಿಟ್ಟು ಕೇಳಿದ ಮಕ್ಕಳು ಬೆರಳೆಣಿಕೆಯಷ್ಟು.

ತಂಗಿ, ಕ್ರೋಮೋಸೋಮ್‌ಗಳನ್ನು ಜೋಡೆತ್ತು ಅಂದುಕೋ. ಹುಟ್ಟಿನಿಂದ ಬರುವ ಗುಣಗಳನ್ನು ಹೊತ್ತ ಎಳೆಗಳು ಅವು. ನಿನ್ನ ಒಂದೊಂದು ಕೋಶದಲ್ಲಿ 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಎತ್ತು ನಿಮ್ಮ ಅವ್ವನ ಕಡೆಯಿಂದ, ಒಂದು ನಿಮ್ಮಪ್ಪನ ಕಡೆಯಿಂದ ಬಂದದ್ದು. ಕೋಶ ಒಡೆಯುವ ಮುಂಚೆಯೇ ಪ್ರತಿ ಎತ್ತಿಗೂ ಒಂದು ನಕಲು ತಯಾರಾಗುತ್ತದೆ. ನಕಲು ಬೇರೆ ನಿಲ್ಲುವುದಿಲ್ಲ, ಅಸಲಿನ ಮೈಗೆ ಅಂಟಿಕೊಂಡೇ ಇರುತ್ತದೆ. ಪುಸ್ತಕದಲ್ಲಿ ಇಂಟು ಗುರುತಿನ ಹಾಗೆ ಬರೆದಿರುತ್ತಾರಲ್ಲ, ಅದು ಅಸಲು ಮತ್ತು ನಕಲು ಸೇರಿದ ಒಂದೇ ಕ್ರೋಮೋಸೋಮ್. ಒಂದೊಂದು ಎಳೆಗೂ ಕ್ರೊಮ್ಯಾಟಿಡ್ ಅಂತ ಹೆಸರು. ಅಂಟಿದ ಜಾಗ ಸೆಂಟ್ರೋಮಿಯರ್. ಎಣಿಸುವಾಗ ಸೆಂಟ್ರೋಮಿಯರ್ ಎಣಿಸಬೇಕು, ಎಳೆ ಅಲ್ಲ.

ಮೈಟೋಸಿಸ್‌ನಲ್ಲಿ 46 ಕ್ರೋಮೋಸೋಮ್ ಒಂದೇ ಸಾಲಿಗೆ ನಿಲ್ಲುತ್ತವೆ. ಜೋಡಿಗಳ ಕಡೆ ಯಾರೂ ನೋಡುವುದಿಲ್ಲ. ಪ್ರತಿಯೊಂದರ ಎರಡು ಎಳೆ ಬಿಡಿಸಿಕೊಂಡು ಒಂದು ಈ ಕಡೆ, ಒಂದು ಆ ಕಡೆ ಹೋಗುತ್ತದೆ. ಎರಡೂ ಮನೆಗೆ 46. ಮುಗಿಯಿತು.

ಮಿಯೋಸಿಸ್‌ನ ಮೊದಲ ಸುತ್ತಿನಲ್ಲಿ ಜೋಡಿಯ ಎರಡೂ ಎತ್ತು ಮೈಗೆ ಮೈ ತಾಗಿಸಿ ನಿಲ್ಲುತ್ತವೆ. ಆಮೇಲೆ ನೊಗ ಬಿಚ್ಚಿದ ಹಾಗೆ ಒಂದು ಎತ್ತು ಆ ಕಡೆ, ಒಂದು ಈ ಕಡೆ. ನಕಲು ಮಾತ್ರ ಮೈಗಂಟಿಕೊಂಡೇ ಹೋಗುತ್ತದೆ. ಹಾಗಾಗಿ ಒಂದೊಂದು ಕೋಶಕ್ಕೆ 23 ಕ್ರೋಮೋಸೋಮ್, ಆದರೆ ಪ್ರತಿಯೊಂದರಲ್ಲೂ ಎರಡೆರಡು ಎಳೆ. ಎರಡನೇ ಸುತ್ತಿಗೆ ಮುಂಚೆ ಹೊಸ ನಕಲು ಆಗುವುದಿಲ್ಲ, ಇರುವ ಎಳೆ ಬಿಡಿಸುವುದಷ್ಟೇ. 23 ಇದ್ದದ್ದು 23 ಆಗಿಯೇ ಉಳಿಯುತ್ತದೆ. ಇಂಟು ಗುರುತು ಹೋಗಿ ಒಂದೊಂದು ಗೆರೆ ಆಗುತ್ತದೆ.

ಒಂದು ನಕಲಿಗೆ ಒಂದು ಹಂಚಿಕೆ ಮೈಟೋಸಿಸ್, ಮೈ ಬೆಳೆಯುವುದು ಇದರಿಂದ. ಒಂದು ನಕಲಿಗೆ ಎರಡು ಹಂಚಿಕೆ ಮಿಯೋಸಿಸ್, ಮುಂದಿನ ಪೀಳಿಗೆಯ ಗಂಡು ಕೋಶ, ಹೆಣ್ಣು ಕೋಶ ಆಗುವುದು ಇದರಿಂದ. ಪ್ರೊಫೇಸ್, ಮೆಟಫೇಸ್, ಅನಫೇಸ್, ಟೆಲೊಫೇಸ್ ಅನ್ನುವ ಹಂತಗಳ ಹೆಸರೆಲ್ಲ ಈ ಲೆಕ್ಕ ತಲೆಗೆ ಹೋದ ಮೇಲೆ ಕಲಿತರೆ ಸಾಕು.

ಕುಷ್ಟಗಿ ಸೀಮೆ

ಮಗಳಿಗೆ ಓದಿ ಹೇಳಿದೆ. ಮೊದಲ ಸುತ್ತಿನಲ್ಲಿ ಜೋಡಿ ಮುರಿಯುತ್ತೆ, ಎರಡನೇ ಸುತ್ತಿನಲ್ಲಿ ಅಂಟು ಬಿಡುತ್ತೆ, ಅಷ್ಟೇನಾ, ಇಷ್ಟಕ್ಕೆ ಮೂರು ಪುಟನಾ ಅಂದಳು. ಆದರೆ ಸರ್, ನನ್ನ ಮೆಣಸಿನಕಾಯಿ ಉಳಿಯಿತು.

ಪ್ಲಾಟ್ ಕೆಲಸದಾಕೆ

ನಾನು ಕೊಪ್ಪಳ ಕಡೆ ಹೈಬ್ರಿಡ್ ಬೀಜ ಮಾಡುವ ಸೀಡ್ಸ್ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಎರಡು ತಳಿ ಕೂಡಿಸುವ ಕೆಲಸಕ್ಕೆ ಹೋಗುತ್ತೇನೆ, ಟೊಮೇಟೊಗೆ. ಓದಿದ್ದು ಏಳನೇ ಕ್ಲಾಸು. ನಮ್ಮ ಕೈಯಲ್ಲಿ ಏನು ನಡೆಯುತ್ತೆ ಅಂತ ಹೇಳುತ್ತೇನೆ, ಉಳಿದದ್ದು ಮಾಸ್ತರು ಹೇಳಲಿ.

ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗು ಇವತ್ತೇ ಹುಡುಕಬೇಕು. ಹಳದಿ ಬಣ್ಣ ಈಗಷ್ಟೇ ಇಣುಕಿರುತ್ತದೆ, ಪೂರ್ತಿ ಹಳದಿ ಆದರೆ ತಡವಾಯಿತು ಅಂತ ಅರ್ಥ. ಎಡಗೈಯಲ್ಲಿ ಮೊಗ್ಗು ಹಿಡಿದು ಚಿಮಟದಲ್ಲಿ ಒಳಗಿನ ಗಂಡು ಭಾಗ ಪೂರಾ ಎಳೆದು ತೆಗೆಯಬೇಕು. ಒಂದು ಚೂರು ಉಳಿದರೂ ಅದರ ಪುಡಿ ಅದಕ್ಕೇ ತಾಗಿ ಕ್ರಾಸ್ ಹಾಳು. ನಡುವಿನ ಹಸಿರು ಕಡ್ಡಿ ಮುರಿದರೆ ಕಾಯಿಯೇ ಇಲ್ಲ. ಮಾರನೇ ದಿನ ಬೆಳಗ್ಗೆ ಗಂಡು ಸಾಲಿನ ಹೂವಿನ ಪುಡಿ ಉಂಗುರದಲ್ಲಿ ತುಂಬಿಕೊಂಡು ಬರುತ್ತೇವೆ. ನಿಜವಾದ ಉಂಗುರ ಅಲ್ಲ, ಬೆರಳಿಗೆ ಹಾಕಿಕೊಳ್ಳುವ ಸಣ್ಣ ಬಟ್ಟಲಿನಂಥದ್ದು. ಆ ಹಸಿರು ಕಡ್ಡಿಯ ತುದಿಯನ್ನು ಅದರಲ್ಲಿ ಅದ್ದಿ ತೆಗೆಯುವುದು. ಮುಗಿದ ಹೂವಿನ ಹಿಂದಿನ ಹಸಿರು ಎಸಳು ಎರಡು ಕತ್ತರಿಸಿಬಿಡುತ್ತೇವೆ, ಅದೇ ಗುರುತು. ಹಣ್ಣಾದ ಮೇಲೂ ಗುರುತು ಹಾಗೇ ಇರುತ್ತದೆ. ಗುರುತಿಲ್ಲದ ಹಣ್ಣು ಬೀಜಕ್ಕೆ ಹೋಗಲ್ಲ.

ಒಂದೊಂದೇ ಹೂವು, ದಿನವಿಡೀ ಬಗ್ಗಿಕೊಂಡು. ಬೀಜದ ರೇಟು ಯಾಕೆ ಜಾಸ್ತಿ ಅಂತ ಕೇಳುವವರು ಒಂದು ದಿನ ನಮ್ಮ ಸೊಂಟ ಹಿಡಿದು ನೋಡಲಿ. (ರೇಟು ಜಾಸ್ತಿ ಇದ್ದರೂ ನಮ್ಮ ಕೂಲಿ ಜಾಸ್ತಿ ಇಲ್ಲ, ಅದು ಬೇರೆ ಮಾತು.)

ನನ್ನ ಪ್ರಶ್ನೆ: ಆ ಉಂಗುರದ ಪುಡಿಯಲ್ಲಿ ಒಂದೊಂದು ಕಾಳಿನೊಳಗೆ ಎಷ್ಟು ಕ್ರೋಮೋಸೋಮ್ ಇರುತ್ತದೆ?

ನಿವೃತ್ತ ಮಾಸ್ತರ, ರಾಯಚೂರು

ಅಮ್ಮಾ, ನೀವು ಬರೆದದ್ದನ್ನೇ ನಾನು ಪಾಠದಲ್ಲಿ ಓದಿ ಹೇಳಬೇಕಿತ್ತು. ಟೊಮೇಟೊ ಗಿಡದ ಎಲೆಯ ಕೋಶದಲ್ಲಿ 24, ಅಂದರೆ 12 ಜೋಡಿ. ನಿಮ್ಮ ಉಂಗುರದ ಪುಡಿ ಮಿಯೋಸಿಸ್ ಆಗಿ ಬಂದದ್ದು, ಅದರಲ್ಲಿ ಒಂದು ಗುಂಪು ಮಾತ್ರ, 12. ನೀವು ಅದ್ದುವ ಕಡ್ಡಿಯ ಬುಡದಲ್ಲಿ ಹೆಣ್ಣು ಕೋಶ ಇರುತ್ತದಲ್ಲ, ಅದರಲ್ಲೂ 12. ಎರಡೂ ಕೂಡಿ 24. ಅರ್ಧ ಆಗದೇ ಹೋಗಿದ್ದರೆ ಮುಂದಿನ ಪೀಳಿಗೆಗೆ 48, ಅದರ ಮುಂದಿನದಕ್ಕೆ 96 ಅಂತ ಏರುತ್ತಲೇ ಹೋಗುತ್ತಿತ್ತು.

ಮೆಣಸಿನಕಾಯಿಗೂ 24. ಈಗ ಕುಷ್ಟಗಿಯವರ ಹೊಲಕ್ಕೆ ಬರುತ್ತೇನೆ.

ಹೈಬ್ರಿಡ್ ಮಾಡುವ ಮುಂಚೆ ಹೆಣ್ಣು ಸಾಲು, ಗಂಡು ಸಾಲು ಎರಡನ್ನೂ ಹಲವು ಪೀಳಿಗೆ ತಮ್ಮೊಳಗೇ ಬೆಳೆಸಿ ಶುದ್ಧ ಮಾಡಿರುತ್ತಾರೆ. ಶುದ್ಧ ಅಂದರೆ ಜೋಡಿಯ ಎರಡೂ ಎತ್ತು ಅಚ್ಚಿನಲ್ಲಿ ಹೊಯ್ದ ಹಾಗೆ ಒಂದೇ ಥರ. ಅಂಥ ಗಿಡದಲ್ಲಿ ಯಾವ ಎತ್ತು ಯಾವ ಕಡೆ ಹೋದರೂ ವ್ಯತ್ಯಾಸ ಇಲ್ಲ. ಎಲ್ಲ ಪುಡಿಯೂ ಒಂದೇ. ಹಾಗಾಗಿ ಅವೆರಡನ್ನು ಕೂಡಿಸಿದಾಗ ಬರುವ ಹೈಬ್ರಿಡ್ ಗಿಡಗಳೂ ಎಲ್ಲ ಒಂದೇ. ಹೋದ ವರ್ಷ ನಿಮ್ಮ ಹೊಲ ಗೆರೆ ಹೊಡೆದ ಹಾಗೆ ಕಂಡದ್ದು ಇದಕ್ಕೇ.

ಆದರೆ ಆ ಹೈಬ್ರಿಡ್ ಗಿಡದ ಒಳಗೆ ಜೋಡಿಯ ಒಂದೊಂದು ಎತ್ತು ಒಂದೊಂದು ತಳಿಯದ್ದು. ಅದು ಹೂ ಬಿಡುವಾಗ ಮಿಯೋಸಿಸ್ ಆಯಿತು. ಒಂದನೇ ಜೋಡಿಯಲ್ಲಿ ಅವ್ವನದು ಎಡಕ್ಕೆ ಹೋಯಿತು ಅಂದುಕೊಳ್ಳಿ. ಎರಡನೇ ಜೋಡಿಯಲ್ಲಿ ಅವ್ವನದು ಬಲಕ್ಕೆ ಹೋಗಬಹುದು. ಒಂದು ಜೋಡಿಗೆ ಇನ್ನೊಂದು ಜೋಡಿಯ ಹಂಗಿಲ್ಲ. 12 ಜೋಡಿಗೂ ಎರಡೆರಡು ದಾರಿ. ಎರಡನ್ನು 12 ಸಲ ಗುಣಿಸಿ: 4,096 ಥರದ ಪುಡಿ. ಹೆಣ್ಣಿನ ಕಡೆಯೂ ಅಷ್ಟೇ ಥರ.

ನೀವು ಎತ್ತಿಟ್ಟ ಬೀಜದಲ್ಲಿ 12 ಜೋಡಿಗೆ 12 ಜೋಡಿಯೂ ಹೋದ ವರ್ಷದ ಗಿಡದ ಹಾಗೆ, ಒಂದು ಅವ್ವನ ತಳಿಯದ್ದು ಒಂದು ಅಪ್ಪನ ತಳಿಯದ್ದು ಅಂತ ಕೂಡಿ ಬರುವುದು ಸರಾಸರಿ 4,096ರಲ್ಲಿ ಒಂದು ಗಿಡಕ್ಕೆ. ನೀವು ಹಚ್ಚಿದ್ದು ನಾಲ್ಕು ಸಾವಿರ. ಅರ್ಧ ಎಕರೆಗೆ ಒಂದು ಗಿಡ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದೂ ಜೋಡಿಗಳು ತಮ್ಮೊಳಗೆ ತುಂಡು ಬದಲಾಯಿಸಿಕೊಳ್ಳುವ ಲೆಕ್ಕ ಬಿಟ್ಟು. ಮೊದಲ ಸುತ್ತಿನಲ್ಲಿ ಮೈಗೆ ಮೈ ತಾಗಿಸಿ ನಿಂತಾಗ ಒಂದರ ತುಂಡು ಇನ್ನೊಂದಕ್ಕೆ, ಇನ್ನೊಂದರ ತುಂಡು ಇದಕ್ಕೆ ಸೇರುತ್ತದೆ. ಅದೇ ಕ್ರಾಸಿಂಗ್ ಓವರ್. ಅದನ್ನೂ ಹಿಡಿದರೆ ಲೆಕ್ಕ ಕೈಗೇ ಸಿಗುವುದಿಲ್ಲ.

ಸಿಂಧನೂರು ಭತ್ತ

ಮಾಸ್ತರೇ, ಎತ್ತುಗಳು ಕಾಲು ಬದಲಾಯಿಸಿಕೊಂಡಿದ್ದು ನಾನಂತೂ ನೋಡಿಲ್ಲ. 😄

ತಮಾಷೆ ಬಿಡಿ. ನಮ್ಮಲ್ಲಿ ಸೋನಾ ಮಸೂರಿ ಬೀಜ ಎತ್ತಿಟ್ಟು ಬಿತ್ತುತ್ತೇವೆ. ನಮ್ಮಪ್ಪನ ಕಾಲದಿಂದ ನಡೆದಿದೆ. ಎರಡು ಮೂರು ವರ್ಷಕ್ಕೊಮ್ಮೆ ಹೊಸ ಬೀಜ ತಂದರೆ ಸಾಕು. ಅದೇ ಅಕ್ಕಿ, ಅದೇ ಎತ್ತರ. ಹಾಗಾದರೆ ಭತ್ತದಲ್ಲಿ ಮಿಯೋಸಿಸ್ ಇಲ್ಲವಾ?

ನಿವೃತ್ತ ಮಾಸ್ತರ, ರಾಯಚೂರು

ಎತ್ತಿನ ಉದಾಹರಣೆ ಅಲ್ಲಿಗೆ ಕುಂಟುತ್ತದೆ, ಒಪ್ಪಿದೆ.

ಭತ್ತದಲ್ಲೂ ಮಿಯೋಸಿಸ್ ಇದೆ, ಅಲ್ಲೂ 12 ಜೋಡಿ. ಆದರೆ ಭತ್ತದ ಹೂವು ಬಹುತೇಕ ತನ್ನ ಪುಡಿಯನ್ನೇ ತಾನು ತೆಗೆದುಕೊಳ್ಳುತ್ತದೆ. ಸೋನಾ ಮಸೂರಿ ಹೈಬ್ರಿಡ್ ಅಲ್ಲ, ಶುದ್ಧ ಮಾಡಿದ ತಳಿ. ಜೋಡಿಯ ಎರಡೂ ಎತ್ತು ಒಂದೇ ಥರ ಇದ್ದರೆ ನೊಗ ಎಷ್ಟು ಸಲ ಬಿಚ್ಚಿ ಕಟ್ಟಿದರೂ ಅದೇ ಜೋಡಿ. ಎರಡೂ ಕೈಯಲ್ಲಿ ಅದೇ ಎಲೆ ಇಟ್ಟುಕೊಂಡು ಇಸ್ಪೀಟು ಕಲೆಸಿದ ಹಾಗೆ. ನೀವೇ ಹೈಬ್ರಿಡ್ ಭತ್ತದ ಬೀಜ ಎತ್ತಿಟ್ಟು ನೋಡಿ, ಕುಷ್ಟಗಿಯವರ ಪಾಡೇ ಆಗುತ್ತದೆ.

ಕುಷ್ಟಗಿಯವರಿಗೆ ಒಂದು ಮಾತು. ಬೀಜ ಎತ್ತಿಡುವ ಆಸೆ ಇದ್ದರೆ ಹೈಬ್ರಿಡ್ ಬಿಟ್ಟು ಬ್ಯಾಡಗಿಯಂಥ ತಳಿ ಹಾಕಿ. ಆದರೆ ಬೀಜದ ಗಿಡಗಳನ್ನು ಬೇರೆ ಮೆಣಸಿನಕಾಯಿ ಹೊಲದಿಂದ ದೂರ ಇಡಿ. ಮೆಣಸಿನಕಾಯಿ ಹೂವಿಗೆ ಜೇನುನೊಣ ಬರುತ್ತದೆ, ಪಕ್ಕದ ಹೊಲದ ಪುಡಿ ತರುತ್ತದೆ. ಭತ್ತದಷ್ಟು ಸಭ್ಯ ಬೆಳೆ ಅಲ್ಲ ಅದು.

ಎರೆಹೊಲ

ಸರಿ, ಕೀಲಿ ಮಾತು ವಾಪಸ್ ತಗೊಂಡೆ. ಆದರೆ ಮಿಯೋಸಿಸ್‌ನಿಂದ ಲಾಭ ಬೀಜದವರಿಗೇ ಆಯಿತಲ್ಲ.

ನಿವೃತ್ತ ಮಾಸ್ತರ, ರಾಯಚೂರು

ಅದು ಹೌದು. ಅಲ್ಲಿ ನನ್ನ ತಕರಾರಿಲ್ಲ. ಆದರೆ ಎತ್ತಿಟ್ಟು ಬಿತ್ತುವ ಹಕ್ಕು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲೇ ಇದೆ. ಬ್ರಾಂಡ್ ಹೆಸರು ಹಾಕಿ ಮಾರುವ ಹಾಗಿಲ್ಲ, ಅಷ್ಟೇ.

ಬಳ್ಳಾರಿ ಅಂಜೂರ

ನಮ್ಮದು ಅಂಜೂರ ತೋಟ. ನಾವು ಬೀಜದ ಗೊಡವೆಗೇ ಹೋಗಲ್ಲ. ಚಲೋ ಗಿಡದ ಕಡ್ಡಿ ಕತ್ತರಿಸಿ ನೆಡುತ್ತೇವೆ, ಅದೇ ಗಿಡ ಬರುತ್ತದೆ. ಈ ಮಿಯೋಸಿಸ್ ತಂಟೆಯೇ ಇಲ್ಲ ಅಲ್ವಾ?

ನಿವೃತ್ತ ಮಾಸ್ತರ, ರಾಯಚೂರು

ಇಲ್ಲ. ಕಡ್ಡಿ ಚಿಗುರುವುದು, ಬೇರು ಬಿಡುವುದು ಎಲ್ಲ ಮೈಟೋಸಿಸ್. ಬಾಳೆ ಕಂದು, ದಾಳಿಂಬೆ ಗೂಟಿ ಕೂಡ ಅದೇ. ಜಿ-9 ಬಾಳೆಯಲ್ಲಿ 33 ಕ್ರೋಮೋಸೋಮ್, ಮೂರು ಗುಂಪು. ಜೋಡಿ ಹಾಕಲು ಹೋದರೆ ಒಂದು ಗುಂಪು ಒಂಟಿ. ಮಿಯೋಸಿಸ್ ಅಲ್ಲಿಗೇ ಕೆಡುತ್ತದೆ, ಅದಕ್ಕೇ ಹಣ್ಣಿನಲ್ಲಿ ಬೀಜ ಇಲ್ಲ. ಹೇಸರಗತ್ತೆಗೆ ಮರಿ ಆಗದಿರುವುದಕ್ಕೂ ಹತ್ತಿರದ ಕಾರಣ: ಕುದುರೆಗೆ 64, ಕತ್ತೆಗೆ 62, ಅರ್ಧರ್ಧ ಕೂಡಿ 63. ಮೈಟೋಸಿಸ್‌ಗೆ ಜೋಡಿ ಬೇಕಿಲ್ಲ, ಹಾಗಾಗಿ ಹೇಸರಗತ್ತೆ ದಷ್ಟಪುಷ್ಟವಾಗಿ ಬೆಳೆಯುತ್ತದೆ.

ಎಲ್ಲ ಒಂದೇ ಥರ ಇರುವುದರಲ್ಲಿ ಒಂದು ಅಪಾಯವೂ ಇದೆ. ಒಂದು ಗಿಡಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲುತ್ತದೆ. ಗ್ರೋ ಮಿಷೆಲ್ ಅನ್ನುವ ಬಾಳೆ ಒಂದು ಕಾಲಕ್ಕೆ ಜಗತ್ತಿನ ಪೇಟೆಯನ್ನೇ ಆಳುತ್ತಿತ್ತು. ಪನಾಮಾ ಸೊರಗು ರೋಗ ಅದನ್ನು ಪೇಟೆಯಿಂದಲೇ ಓಡಿಸಿತು.

ಬಳ್ಳಾರಿ ನರ್ಸಕ್ಕ

ನೈಟ್ ಡ್ಯೂಟಿಯಲ್ಲಿ ಓದುತ್ತಾ ಕೂತಿದ್ದೆ. ಗಿಡದ ಮಾತು ಸಾಕು, ಮನುಷ್ಯರ ಮಾತು ಸ್ವಲ್ಪ ಹೇಳುತ್ತೇನೆ.

ವರ್ಷಗಳ ಹಿಂದೆ ನಮ್ಮ ವಾರ್ಡಿನಲ್ಲಿ ಒಬ್ಬಾಕೆಗೆ ಹೆರಿಗೆ ಆಯಿತು. ಮಗುವಿಗೆ ಡೌನ್ ಸಿಂಡ್ರೋಮ್, ಬೆಳವಣಿಗೆ, ಕಲಿಕೆ ನಿಧಾನವಾಗುವ ಹುಟ್ಟು ಸ್ಥಿತಿ. ಅತ್ತೆ ಬಾಗಿಲಲ್ಲೇ ನಿಂತು, ಗ್ರಹಣದ ದಿನ ಹೊರಗೆ ಹೋಗಬೇಡ ಅಂದಿದ್ದೆ, ಕೇಳಿದಳಾ ಅಂತ ಶುರು ಮಾಡಿದರು. ಆಕೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಆಗ ಹೊಸಬಳು, ಏನು ಹೇಳಬೇಕೋ ತಿಳಿಯಲಿಲ್ಲ. ಈಗಾದರೆ ಹೇಳುತ್ತಿದ್ದೆ.

ಹೆಣ್ಣಿನ ಅಂಡಾಣು ಮಿಯೋಸಿಸ್ ಶುರು ಮಾಡುವುದು ಆಕೆ ಹುಟ್ಟುವ ಮುಂಚೆಯೇ, ತನ್ನ ತಾಯಿಯ ಹೊಟ್ಟೆಯಲ್ಲಿರುವಾಗ. ಜೋಡಿಗಳು ಮೈಗೆ ಮೈ ತಾಗಿಸಿ ನಿಂತವು ಅಂದರು ಮಾಸ್ತರು, ಆ ಮೊದಲ ಸುತ್ತಿನಲ್ಲೇ ಅಂಡಾಣು ಸ್ತಬ್ಧವಾಗಿಬಿಡುತ್ತದೆ. ಹಾಗೇ ಕಾಯುತ್ತದೆ, ಹದಿನೈದು ವರ್ಷ, ಮೂವತ್ತು ವರ್ಷ, ನಲವತ್ತು ವರ್ಷ. ಯಾವ ತಿಂಗಳು ಅದು ಹೊರಬರುವುದೋ ಆ ತಿಂಗಳು ಮೊದಲ ಸುತ್ತು ಮುಗಿಯುತ್ತದೆ. ಎರಡನೇ ಸುತ್ತು ಮುಗಿಯುವುದು ಗಂಡಿನ ಕೋಶ ಒಳಗೆ ಬಂದ ಮೇಲೆ. ಗಂಡಸರದ್ದು ಹೀಗಲ್ಲ, ವಯಸ್ಸಿಗೆ ಬಂದ ಮೇಲೆ ದಿನವೂ ಹೊಸದು ತಯಾರಾಗುತ್ತದೆ.

ಅಷ್ಟು ವರ್ಷ ಜೋಡಿ ಹಿಡಿದು ನಿಂತದ್ದು ಬಿಡಿಸಿಕೊಳ್ಳುವಾಗ ಕೆಲವೊಮ್ಮೆ ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. 21ನೇ ಜೋಡಿಯ ಎರಡೂ ಒಂದೇ ಕಡೆ ಹೋಗುತ್ತವೆ. ತಂದೆಯ ಕಡೆಯಿಂದ ಒಂದು ಬಂದಾಗ ಮೂರು, ಒಟ್ಟು 47. ಇದು ಗೊತ್ತಾಗಿದ್ದು 1959ರಲ್ಲಿ, ಪ್ಯಾರಿಸ್‌ನಲ್ಲಿ. ತಾಯಿಯ ವಯಸ್ಸು ಹೆಚ್ಚಿದಂತೆ ಹೀಗಾಗುವುದು ಹೆಚ್ಚು. ಚಿಕ್ಕ ವಯಸ್ಸಿನ ತಾಯಂದಿರಿಗೂ ಆಗುತ್ತದೆ. ಗ್ರಹಣ, ಪಪ್ಪಾಯಿ, ಯಾವುದೂ ಅಲ್ಲ.

ಇನ್ನೊಂದು. ಹೆಣ್ಣು ಹುಟ್ಟಿತು ಅಂತ ಸೊಸೆಗೆ ಬೈಯುವವರು ಈಗಲೂ ಇದ್ದಾರೆ. ಎರಡು ಎಕ್ಸ್ ಕ್ರೋಮೋಸೋಮ್ ಕೂಡಿದರೆ ಹೆಣ್ಣು, ಎಕ್ಸ್ ಜೊತೆ ವೈ ಕೂಡಿದರೆ ಗಂಡು. ಅಂಡಾಣುವಿನಲ್ಲಿ ಇರುವುದು ಎಕ್ಸ್ ಮಾತ್ರ. ಎಕ್ಸ್ ಬರಬೇಕೋ ವೈ ಬರಬೇಕೋ ಅನ್ನುವುದು ಗಂಡಸಿನ ಮಿಯೋಸಿಸ್‌ನಲ್ಲಿ ಆಗುವ ಪಾಲು. ಬೈಯಲೇಬೇಕು ಅಂದರೆ ವಿಳಾಸ ಸರಿಯಾಗಿ ಬರೆಯಿರಿ.

ಸಿಂಧನೂರು ಭತ್ತ

ನರ್ಸಕ್ಕ, ಕ್ಯಾನ್ಸರ್ ಅಂದರೂ ಕೋಶ ಒಡೆಯುವುದೇ ಅಲ್ವಾ? ಕೀಮೋ ಕೊಟ್ಟರೆ ಕೂದಲು ಯಾಕೆ ಉದುರುತ್ತದೆ?

ಬಳ್ಳಾರಿ ನರ್ಸಕ್ಕ

ಹೌದು, ನಿಲ್ಲು ಅಂದರೂ ನಿಲ್ಲದ ಮೈಟೋಸಿಸ್. ಬಹಳ ಕೀಮೋ ಔಷಧಿಗಳು ಬೇಗ ಬೇಗ ಒಡೆಯುವ ಕೋಶವನ್ನು ಹೊಡೆಯುತ್ತವೆ. ಕೂದಲಿನ ಬುಡ, ಬಾಯಿಯ ಒಳಪದರ, ರಕ್ತ ತಯಾರಾಗುವ ಮಜ್ಜೆ, ಇವೂ ಬೇಗ ಒಡೆಯುವವೇ. ಔಷಧಿಗೆ ಗುರುತು ಸಿಗುವುದಿಲ್ಲ. ನಿಮ್ಮ ಮನೆ ಮುಂದೆ ನಿತ್ಯಪುಷ್ಪ ಇದೆಯಾ, ಗುಲಾಬಿ ಬಣ್ಣದ್ದು, ನೀರಿಲ್ಲದಿದ್ದರೂ ಬದುಕುವುದು? ವಿನ್‌ಕ್ರಿಸ್ಟಿನ್ ಅನ್ನುವ ಔಷಧಿ ಆ ಗಿಡದಿಂದ ಸಿಕ್ಕಿದ್ದು. ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುವ ದಾರಗಳು ಕಟ್ಟಿಕೊಳ್ಳದ ಹಾಗೆ ಮಾಡುತ್ತದೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುತ್ತಾರೆ. ದಯವಿಟ್ಟು ಎಲೆ ಕಿತ್ತು ಕಷಾಯ ಮಾಡಬೇಡಿ, ಅದು ವಿಷ.

ಲ್ಯಾಬ್ ಹುಡುಗ

ಇಷ್ಟೆಲ್ಲ ಮಾತಾಡುವ ಬದಲು ತಂಗಿ ಒಂದು ಸಲ ಕಣ್ಣಾರೆ ನೋಡಲಿ. ಕಾಲೇಜಿನಲ್ಲಿ ಮೈಕ್ರೋಸ್ಕೋಪ್ ಇರುತ್ತದೆ, ಕೇಳು. ಬಾಕಿ ಬೇಕಾಗಿರುವುದು ಒಂದು ಉಳ್ಳಾಗಡ್ಡಿ.

ಕೆಳಗಿನ ಒಣ ಬೇರು ಬ್ಲೇಡಿನಲ್ಲಿ ಹೆರೆದು, ಬುಡ ಮಾತ್ರ ನೀರಿಗೆ ತಾಗುವ ಹಾಗೆ ಗ್ಲಾಸಿನ ಮೇಲೆ ಕೂರಿಸು. ನಮ್ಮ ಕಡೆ ಸೆಕೆಗೆ ನೀರು ಒಂದೇ ದಿನಕ್ಕೆ ವಾಸನೆ ಬರುತ್ತದೆ, ದಿನಾ ಬದಲಾಯಿಸು. ಮೂರು ನಾಲ್ಕು ದಿನಕ್ಕೆ ಬಿಳಿ ಬೇರು ಬರುತ್ತದೆ. ಬೆಳಗ್ಗೆ ಎಂಟರಿಂದ ಹತ್ತರೊಳಗೆ ಬೇರಿನ ತುದಿ ಕತ್ತರಿಸಬೇಕು. ಕೊನೆಯ ಎರಡು ಮೂರು ಮಿಲಿಮೀಟರ್‌ನಲ್ಲಷ್ಟೇ ಕೋಶ ಒಡೆಯುತ್ತಿರುತ್ತದೆ, ಮೇಲಿನದು ಬರೀ ಉದ್ದವಾಗುತ್ತದೆ. ಒಂದು ಪಾಲು ಅಸಿಟಿಕ್ ಆಸಿಡ್, ಮೂರು ಪಾಲು ಆಲ್ಕೋಹಾಲ್‌ನಲ್ಲಿ ಒಂದು ದಿನ ನೆನೆಸಿಡುತ್ತಾರೆ. ಆಮೇಲೆ ಸ್ಲೈಡಿನ ಮೇಲೆ ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಸಿಡ್, ಅಸಿಟೋಕಾರ್ಮಿನ್ ಬಣ್ಣ, ಸ್ವಲ್ಪ ಬಿಸಿ. ಕುದಿಸಬೇಡ. ಆಸಿಡ್ ಕೆಲಸ ಎಲ್ಲ ಮೇಡಂ ಪಕ್ಕದಲ್ಲಿದ್ದಾಗ ಮಾತ್ರ. ಕವರ್‌ಸ್ಲಿಪ್ ಇಟ್ಟು ಮೇಲೆ ಬ್ಲಾಟಿಂಗ್ ಪೇಪರ್ ಹಾಕಿ ಹೆಬ್ಬೆರಳಿನಲ್ಲಿ ಒತ್ತು.

ಮೊದಲು ನೋಡಿದಾಗ ನಿರಾಸೆ ಆಗುತ್ತದೆ. ಹೆಚ್ಚಿನ ಕೋಶದಲ್ಲಿ ದುಂಡಗೆ ಒಂದು ಚುಕ್ಕೆ ಬಿಟ್ಟರೆ ಏನೂ ಕಾಣಲ್ಲ. ಅವು ಸುಮ್ನೆ ಕೂತಿಲ್ಲ, ಬೆಳೆಯುತ್ತಿವೆ, ನಕಲು ಮಾಡಿಕೊಳ್ಳುತ್ತಿವೆ. ಒಡೆಯುವ ಹೊತ್ತು ಸ್ವಲ್ಪವೇ. ಸ್ಲೈಡು ಮೆಲ್ಲಗೆ ಸರಿಸುತ್ತಾ ಹೋಗು. ಉಳ್ಳಾಗಡ್ಡಿಗೆ 16 ಕ್ರೋಮೋಸೋಮ್, ದಪ್ಪಗಿರುತ್ತವೆ, ಕಂಡರೆ ತಪ್ಪಿಸಿಕೊಳ್ಳಲ್ಲ.

ಕುಷ್ಟಗಿ ಸೀಮೆ

ಗ್ಲಾಸು ಕಿಟಕಿಯಲ್ಲಿ ಕೂತಿದೆ. ನಮ್ಮ ಮನೆಯವರು ಎರಡು ಸಲ ಅಡುಗೆಗೆ ಎತ್ತಿಕೊಳ್ಳಲು ಹೋಗಿ ಮಗಳ ಕೈಯಲ್ಲಿ ಬೈಸಿಕೊಂಡರು.

ಕುಷ್ಟಗಿ ಸೀಮೆ (ಮುಂದಿನ ಶನಿವಾರ, ಅಪ್ಪನ ಫೋನಿನಿಂದ ಮಗಳು)

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ನೋಡಿದೆ. ಮೊದಲ ಸ್ಲೈಡಿನ ಕವರ್‌ಸ್ಲಿಪ್ ಒಡೆಯಿತು. ಎರಡನೆಯದರಲ್ಲಿ ಎಲ್ಲ ಚುಕ್ಕೆ ಚುಕ್ಕೆ. ಮೂರನೆಯದರಲ್ಲಿ ಒಂದು ಮೂಲೆಯಲ್ಲಿ ಎರಡು ಗುಂಪು ಕಂಡವು, ಕೆಂಪಗೆ, ಬಾಚಣಿಗೆ ಹಲ್ಲಿನ ಹಾಗೆ ಒಂದರಿಂದ ಒಂದು ದೂರ ಹೋಗುತ್ತಿದ್ದವು. ಅನಫೇಸ್ ಅದು ಅಂತ ನಾನೇ ಮೊದಲು ಹೇಳಿದೆ. ಇನ್ನೊಂದು ಕೋಶದಲ್ಲಿ ಎಣಿಸಲು ನೋಡಿದೆ. ಒಂದರ ಮೇಲೊಂದು ಬಿದ್ದಿದ್ದವು, ಹದಿಮೂರು ಸಿಕ್ಕವು, ಇನ್ನೊಂದು ಸಲ ಎಣಿಸಿದಾಗ ಹದಿನಾಲ್ಕು. ರೆಕಾರ್ಡಿನಲ್ಲಿ 16 ಅಂತ ಬರೆ ಅಂದರು ಮೇಡಂ. ನಾನು 13 ಅಥವಾ 14 ಅಂತಲೇ ಬರೆದೆ. ತಪ್ಪಾ ಸರ್?

ನಿವೃತ್ತ ಮಾಸ್ತರ, ರಾಯಚೂರು

ಕಂಡದ್ದನ್ನೇ ಬರೆದೆ, ಅದು ತಪ್ಪಲ್ಲ. ಪಕ್ಕದಲ್ಲಿ "ಒಂದರ ಮೇಲೊಂದು ಬಿದ್ದಿದ್ದವು" ಅಂತಲೂ ಬರೆ. ಮನುಷ್ಯರ ಕೋಶದಲ್ಲಿ 48 ಇದೆ ಅಂತ 1920ರ ದಶಕದಿಂದ ಮೂವತ್ತು ವರ್ಷ ಎಲ್ಲರೂ ನಂಬಿದ್ದರು, ಪಾಠವನ್ನೂ ಮಾಡಿದರು. ಅವೂ ಹೀಗೇ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಕೋಶವನ್ನು ಉಬ್ಬಿಸಿ, ಬಿಡಿ ಬಿಡಿಯಾಗಿ ಹರಡಿ ನೋಡಿದಾಗ 46 ಅಂತ ಗೊತ್ತಾಯಿತು. ಜೋ ಹಿನ್ ಚಿಯೋ, ಆಲ್ಬರ್ಟ್ ಲೆವಾನ್ ಅನ್ನುವವರು ಅದನ್ನು ಪ್ರಕಟಿಸಿದ್ದು 1956ರಲ್ಲಿ.

ಲ್ಯಾಬ್ ಹುಡುಗ

ಒತ್ತುವಾಗ ಹೆಬ್ಬೆರಳು ತಿರುಗಿಸಿದ್ದೀಯ, ಅದಕ್ಕೇ ಕವರ್‌ಸ್ಲಿಪ್ ಒಡೆದದ್ದು. ನೇರ ಕೆಳಗೆ ಒತ್ತು. ಬಿಸಿ ಇನ್ನೂ ಸ್ವಲ್ಪ ತೋರಿಸು, ಆಗ ಚೆನ್ನಾಗಿ ಹರಡುತ್ತವೆ. ಉಳ್ಳಾಗಡ್ಡಿ ಹಳೆಯದ್ದೇ ಸಾಕು, ನೀರು ಬದಲಾಯಿಸು, ಇನ್ನೂ ಬೇರು ಬರುತ್ತವೆ.